ಗಿಟಾರಿನ ನಾದ ಎಲ್ಲಿದೆ?

ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಒಂದಲ್ಲ ಒಂದು ದಿನ ಗಿಟಾರಿನ ಮಾತು ಬಂದೇ ಬರುತ್ತದೆ. ಅಂಗಡಿಗೆ ಹೋದರೆ ಗೋಡೆಯ ತುಂಬ ಗಿಟಾರುಗಳು. ನೋಡಲು ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ಬೆಲೆ ಮಾತ್ರ ಕೆಲವು ಸಾವಿರ ರೂಪಾಯಿಗಳಿಂದ ಕೆಲವು ಲಕ್ಷಗಳವರೆಗೆ. ಒಂದರ ತಲೆಯ ಮೇಲೆ ಮಾರ್ಟಿನ್ ಎಂದು ಬರೆದಿದೆ, ಇನ್ನೊಂದರ ಮೇಲೆ ಗಿಬ್ಸನ್, ಮತ್ತೊಂದರ ಮೇಲೆ ಟೇಲರ್, ಮಗದೊಂದರ ಮೇಲೆ ಯಮಾಹಾ. ಅಂಗಡಿಯವರು “ಇದರ ಟೋನೇ ಬೇರೆ ಸಾರ್” ಎನ್ನುತ್ತಾರೆ. ಮಗ ತಲೆಯಾಡಿಸುತ್ತಾನೆ. ತಂದೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಈ ‘ಟೋನ್’ ಅಥವಾ ನಾದಗುಣ ಎನ್ನುವುದು ನಿಜವಾಗಿ ಎಲ್ಲಿದೆ? ಕಂಪನಿಯ ಹೆಸರಿನಲ್ಲಿಯೋ, ಮರದಲ್ಲಿಯೋ, ನುಡಿಸುವವರ ಬೆರಳಿನಲ್ಲಿಯೋ? ಇದಕ್ಕೆ ವಿಜ್ಞಾನ ಕೊಡುವ ಉತ್ತರವನ್ನು ತಿಳಿದುಕೊಂಡರೆ ನಿಮ್ಮ ಹಣವೂ ಉಳಿದೀತು, ನಮ್ಮ ಮಲೆನಾಡಿನ ಒಂದು ಅಮೂಲ್ಯ ಮರವೂ ಉಳಿದೀತು. ವಿದ್ಯುತ್ತಿನ ಸಹಾಯವಿಲ್ಲದೆ, ತನ್ನ ಒಡಲಿನಿಂದಲೇ ದನಿ ಹೊರಡಿಸುವ ಅಕೂಸ್ಟಿಕ್ ಗಿಟಾರನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ನಾದಗುಣ ಎಂದರೇನು ನೋಡೋಣ. ಕೊಳಲು, ವೀಣೆ, ಹಾರ್ಮೋನಿಯಂ ಮೂರನ್ನೂ ಒಂದೇ ಶ್ರುತಿಯ ಷಡ್ಜದಲ್ಲಿ, ಒಂದೇ ಗಟ್ಟಿತನದಲ್ಲಿ ನುಡಿಸಿದರೂ ಕಣ್ಣು ಮುಚ್ಚಿ ಕುಳಿತವರು ಯಾವುದು ಯಾವ ವಾದ್ಯವೆಂದು ಹೇಳಬಲ್ಲರು. ಕಾರಣವಿಷ್ಟೆ. ಗಿಟಾರಿನ ಐದನೆಯ ತಂತಿಯನ್ನು ಮೀಟಿದಾಗ ಅದು ಸೆಕೆಂಡಿಗೆ 110 ಬಾರಿ ಕಂಪಿಸುತ್ತದೆ. ಇಡೀ ತಂತಿ ಹೀಗೆ ತೂಗುತ್ತಿರುವಾಗಲೇ ಅದರ ಅರ್ಧ ಭಾಗಗಳು 220 ಬಾರಿ, ಮೂರನೆಯ ಒಂದು ಭಾಗಗಳು 330 ಬಾರಿ, ಕಾಲು ಭಾಗಗಳು 440 ಬಾರಿ ಕಂಪಿಸುತ್ತಿರುತ್ತವೆ. ಇವನ್ನು ಉಪಸ್ವರಗಳು ಎನ್ನುತ್ತೇವೆ. ಬೇಳೆ ಒಂದೇ ಆದರೂ ಮನೆಯಿಂದ ಮನೆಗೆ ಸಾರಿನ ರುಚಿ ಬೇರೆಯಾಗುವಂತೆ, ಉಪಸ್ವರಗಳಲ್ಲಿ ಯಾವುದು ಎಷ್ಟು ಬೆರೆತಿದೆ, ಯಾವುದು ಬೇಗ ಆರಿಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂಬುದರ ಮೇಲೆ ನಾದದ ಗುಣ ನಿಂತಿದೆ.

ಈ ಪಾಕ ಬೆರಳಿನಿಂದಲೇ ಆರಂಭವಾಗುತ್ತದೆ. ಗಿಟಾರಿನ ತಂತಿಯನ್ನು ಕುದುರೆಯ ಹತ್ತಿರ ಮೀಟಿದರೆ ದನಿ ಚುರುಕಾಗಿ, ಲೋಹದಂತೆ ಕೇಳುತ್ತದೆ. ತಂತಿಯ ನಟ್ಟನಡುವೆ, ಅಂದರೆ ಹನ್ನೆರಡನೆಯ ಮೆಟ್ಟಿಲಿನ ಮೇಲೆ ಮೀಟಿದರೆ ಸಮಸಂಖ್ಯೆಯ ಉಪಸ್ವರಗಳು ಹುಟ್ಟುವುದೇ ಇಲ್ಲ. ದನಿ ದುಂಡಗೆ, ಸ್ವಲ್ಪ ಟೊಳ್ಳಾಗಿ ಬರುತ್ತದೆ. ಎಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರ ಹುಟ್ಟದೆಂಬುದು ಭೌತಶಾಸ್ತ್ರದ ಹಳೆಯ ನಿಯಮ. ನಮ್ಮ ತಂಬೂರಿ, ವೀಣೆಗಳು ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂಬುದನ್ನು ಸರ್ ಸಿ. ವಿ. ರಾಮನ್ 1921ರಲ್ಲಿಯೇ ತೋರಿಸಿಕೊಟ್ಟರು. ಅವುಗಳ ಕುದುರೆ ಅಗಲವಾಗಿ, ಮೇಲ್ಭಾಗ ಬಾಗಿಕೊಂಡಿರುತ್ತದೆ. ತಂತಿ ಅದನ್ನು ತಟ್ಟಿ ತಟ್ಟಿ ಏಳುವುದರಿಂದ ಬರಬಾರದ ಉಪಸ್ವರಗಳೂ ಬಂದು ಸೇರುತ್ತವೆ. ಗಿಟಾರಿನ ಕುದುರೆಯ ಮೇಲಿರುವುದು ಒಂದು ತೆಳುವಾದ ಪಟ್ಟಿ. ಅಲ್ಲಿ ಈ ಚಮತ್ಕಾರಕ್ಕೆ ಎಡೆಯಿಲ್ಲ. ಆದುದರಿಂದ ಗಿಟಾರಿನ ನಾದ ಅದರ ಒಡಲನ್ನೇ ಬಹುವಾಗಿ ನೆಚ್ಚಿಕೊಂಡಿದೆ.

ತಂತಿ ತಾನೇ ಮಾಡುವ ಸದ್ದು ಅತ್ಯಲ್ಪ. ದಾರದಷ್ಟು ಸಣ್ಣದಾದ ಅದು ಗಾಳಿಯನ್ನು ತಳ್ಳುವುದೆಷ್ಟು? ಕಂಪನ ಕುದುರೆಯ ಮೂಲಕ ಇಳಿದು ಮೇಲ್ಹಲಗೆಗೆ ಮುಟ್ಟಿದಾಗ ಆ ಹಲಗೆ ಗಾಳಿಯನ್ನು ದೂಡುತ್ತದೆ. ಅದರ ನಡುವಿನ ದುಂಡು ಕಿಂಡಿಯ ಮೂಲಕ ಒಳಗಿನ ಗಾಳಿಯೂ, ಖಾಲಿ ಸೀಸೆಯ ಬಾಯಿಗೆ ಊದಿದಾಗ ಆಗುವಂತೆ, ಹೊರಗೂ ಒಳಗೂ ಆಡುತ್ತದೆ. ಸಾಮಾನ್ಯ ಗಿಟಾರಿನಲ್ಲಿ ಈ ಗಾಳಿಯ ಅನುರಣನ ಸುಮಾರು 100 ಹರ್ಟ್ಜ್ ಬಳಿ, ಮೇಲ್ಹಲಗೆಯ ಮುಖ್ಯ ಅನುರಣನ ಸುಮಾರು 200 ಹರ್ಟ್ಜ್ ಬಳಿ ಇರುತ್ತದೆ.

ಈ ಮೇಲ್ಹಲಗೆಯ ಪಾಡು ಸುಲಭದ್ದಲ್ಲ. ಉಕ್ಕಿನ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರಕ್ಕೆ ಸಮನಾಗಿ ಅದನ್ನು ಎಳೆಯುತ್ತಿರುತ್ತವೆ. ದಪ್ಪ ಹಲಗೆ ಹಾಕಿದರೆ ಎಳೆತ ತಡೆದೀತು, ದನಿ ಹೊರಡದು. ತೆಳುವಾದರೆ ದನಿ ಹೊರಟೀತು, ಹಲಗೆ ಉಬ್ಬಿ ಮುರಿದೀತು. ಆದ್ದರಿಂದ ಹಗುರವೂ ಬಿಗಿಯೂ ಆದ, ಶೀತಪ್ರದೇಶದಲ್ಲಿ ಬೆಳೆಯುವ ಸ್ಪ್ರೂಸ್ ಮರವನ್ನು ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಹೆರೆದು, ಒಳಗಡೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಆಧಾರ ಕೊಡುತ್ತಾರೆ. ಈ ಪಟ್ಟಿಗಳ ವಿನ್ಯಾಸದಲ್ಲಿಯೇ ಕಂಪನಿಗಳ ಕೈಚಳಕ ಅಡಗಿದೆ.

ಈಗ ಆ ನಾಲ್ಕು ಹೆಸರುಗಳಿಗೆ ಬರೋಣ. ಸ್ಯಾಕ್ಸನಿ ಪ್ರಾಂತದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ಪೆನ್ಸಿಲ್ವೇನಿಯಾದ ನಜರೆತ್ ಊರಿನಲ್ಲಿ ಅವರ ಕಂಪನಿ ಇಂದಿಗೂ ಇದೆ. ಮೇಲ್ಹಲಗೆಯ ಒಳಗೆ ಎರಡು ಮುಖ್ಯ ಪಟ್ಟಿಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡಹಾಯಿಸುವ ಕ್ರಮ 1840ರ ದಶಕದಿಂದ ಅವರ ಗಿಟಾರುಗಳಲ್ಲಿ ಕಾಣುತ್ತದೆ. ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರು ಹೊತ್ತ ‘ಡ್ರೆಡ್‌ನಾಟ್’ ಎಂಬ ದೊಡ್ಡ ಒಡಲಿನ ಆಕಾರವೂ ಮಾರ್ಟಿನ್ ಕಾರ್ಖಾನೆಯದೇ. 1916ರಲ್ಲಿ ಬೇರೊಂದು ವ್ಯಾಪಾರ ಸಂಸ್ಥೆಗಾಗಿ ಮಾಡಿಕೊಟ್ಟ ಅದನ್ನು 1931ರಿಂದ ತಮ್ಮ ಹೆಸರಿನಲ್ಲೇ ತಂದರು. ಒಡಲು ದೊಡ್ಡದಾದುದರಿಂದ ಮಂದ್ರ ತುಂಬಿ ಬರುತ್ತದೆ. ಗುಂಪಿನ ಹಾಡಿಗೆ ಜೊತೆಗೊಡಲು ಇದು ಹೇಳಿ ಮಾಡಿಸಿದ್ದು.

ಗಿಬ್ಸನ್ ಕಂಪನಿ 1902ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ಆರಂಭವಾಯಿತು. ಅದರ ಅಕೂಸ್ಟಿಕ್ ಗಿಟಾರುಗಳು 1989ರಿಂದ ಮೊಂಟಾನಾದ ಬೋಜ್‌ಮನ್‌ನಲ್ಲಿ ತಯಾರಾಗುತ್ತಿವೆ. 1942ರಲ್ಲಿ ಬಂದ ಜೆ-45 ಅದರ ಹೆಸರಾಂತ ಮಾದರಿ. ಇದರ ಭುಜಗಳು ಇಳಿಜಾರು. ತಂತಿಯ ಉದ್ದ ಹೆಸರಿಗೆ 24.75 ಅಂಗುಲ, ಮಾರ್ಟಿನ್ ಡ್ರೆಡ್‌ನಾಟಿನಲ್ಲಿ 25.4 ಅಂಗುಲ. ಮುಕ್ಕಾಲು ಅಂಗುಲವೂ ಇಲ್ಲದ ವ್ಯತ್ಯಾಸವೆಂದು ತಳ್ಳಿಹಾಕಬೇಡಿ. ಅದೇ ತಂತಿಯನ್ನು ಅದೇ ಶ್ರುತಿಗೆ ತರಲು ಬೇಕಾದ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುವುದರಿಂದ ಇಲ್ಲಿ ಶೇಕಡಾ 5ರಷ್ಟು ಕಡಿಮೆ ಬಿಗಿತ ಸಾಕಾಗುತ್ತದೆ. ಬೆರಳಿಗೆ ತಂತಿ ಮೆದುವಾಗುತ್ತದೆ, ದನಿ ಬೆಚ್ಚಗಾಗಿ ಬೇಗ ಆರುತ್ತದೆ. ಹಾಡುವವರ ಕಂಠಕ್ಕೆ ಅದು ಅಡ್ಡ ಬರುವುದಿಲ್ಲ.

ಟೇಲರ್ ಇವರ ಮುಂದೆ ಮೊಮ್ಮಗ. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಟೇಲರ್ ಮತ್ತು ಕರ್ಟ್ ಲಿಸ್ಟಗ್ ಕಟ್ಟಿದ ಕಂಪನಿ. ಸಣ್ಣ ಕುತ್ತಿಗೆ, ಅಚ್ಚುಕಟ್ಟಾದ ಜೋಡಣೆ, ಸ್ವರ ಸ್ವರವೂ ಬಿಡಿಬಿಡಿಯಾಗಿ ಕೇಳುವ ಬೆಳಕಿನಂಥ ದನಿ ಅದರ ಗುರುತು. 2018ರಲ್ಲಿ ಅದು ಮಾರ್ಟಿನ್ ಕ್ರಮವನ್ನು ಬಿಟ್ಟು ಪಟ್ಟಿಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಜೋಡಿಸುವ ಹೊಸ ವಿನ್ಯಾಸವನ್ನು ತಂದಿತು. ಇನ್ನು ಜಪಾನಿನ ಯಮಾಹಾ. 1966ರಲ್ಲಿ ಎಫ್‌ಜಿ-180 ಎಂಬ ಮಾದರಿಯನ್ನು ತಂದು, ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ನಂಬಬಹುದಾದ ಗಿಟಾರನ್ನು ಕೊಟ್ಟದ್ದು ಅದರ ಸಾಧನೆ. ಇಂದಿಗೂ ನಮ್ಮಲ್ಲಿ ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳಲ್ಲಿ ಅದೂ ಒಂದು.

ಅಂದರೆ ಕಂಪನಿಯಿಂದ ಕಂಪನಿಗೆ ನಾದ ಬೇರೆಯಾಗುವುದು ಸುಳ್ಳಲ್ಲ. ಆದರೆ ಆ ಭೇದ ಹುಟ್ಟುವುದು ಒಡಲಿನ ಆಕಾರ, ತಂತಿಯ ಉದ್ದ, ಮೇಲ್ಹಲಗೆ, ಒಳಪಟ್ಟಿ ಇವುಗಳಿಂದ. ಗಿರಾಕಿ ಹೆಚ್ಚು ಹಣ ಕೊಡುವುದು ಮಾತ್ರ ಬಹುಮಟ್ಟಿಗೆ ಬೇರೊಂದಕ್ಕೆ: ಹಿಂಬದಿ ಹಾಗೂ ಪಕ್ಕದ ಹಲಗೆಗಳ ಅಪೂರ್ವ ಮರಕ್ಕೆ. ಆ ಮರಕ್ಕೆ ಅಷ್ಟು ಬೆಲೆ ಉಂಟೇ ಎಂಬುದನ್ನು ಮೂರು ಗಿಟಾರು ಪ್ರಸಂಗಗಳು ತೋರಿಸಿಕೊಡುತ್ತವೆ.

ಮೊದಲನೆಯದು ಸ್ಪೇನಿನದು. ಇಂದಿನ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟ ಆಂಟೋನಿಯೊ ಡಿ ಟೊರೆಸ್ ಎಂಬ ಕುಶಲಿ 1862ರಲ್ಲಿ ಒಂದು ಗಿಟಾರು ಮಾಡಿದರು. ಮೇಲ್ಹಲಗೆ ಮಾತ್ರ ಒಳ್ಳೆಯ ಮರದ್ದು. ಹಿಂಬದಿಯೂ ಪಕ್ಕಗಳೂ ಬರೀ ರಟ್ಟು! ನಾದದ ಜೀವ ಮೇಲ್ಹಲಗೆಯಲ್ಲಿದೆ ಎಂಬ ತಮ್ಮ ನಂಬಿಕೆಗೆ ಅವರು ಕೊಟ್ಟ ಸಾಕ್ಷಿ ಅದು. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ.

ಎರಡನೆಯದು 1995ರದು. ಬಾಬ್ ಟೇಲರ್ ಸಾಮಾನು ಸಾಗಿಸಲು ಬಳಸಿ ಎಸೆಯುವ ಹಲಗೆಚೌಕಟ್ಟಿನ ಓಕ್ ಮರದಿಂದ ಒಂದು ಗಿಟಾರು ಮಾಡಿ ಪ್ರದರ್ಶನಕ್ಕೆ ಇಟ್ಟರು. ಮರಕ್ಕಿಂತ ಮಾಡುವ ಕೈ ಮುಖ್ಯ ಎಂದು ತೋರಿಸುವುದು ಅವರ ಉದ್ದೇಶ.

ಮೂರನೆಯದು ಇನ್ನೂ ಕಟ್ಟುನಿಟ್ಟಾದ ಪ್ರಯೋಗ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅನುಭವಿ ಕುಶಲಿಯೊಬ್ಬರಿಂದ ಆರು ಗಿಟಾರುಗಳನ್ನು ಮಾಡಿಸಿದರು. ಅಳತೆ, ವಿನ್ಯಾಸ ಎಲ್ಲವೂ ಒಂದೇ. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಬಲು ದುಬಾರಿಯಾದ ಬ್ರೆಜಿಲ್ ರೋಸ್‌ವುಡ್ ಇತ್ತು, ನಮ್ಮ ಭಾರತದ ರೋಸ್‌ವುಡ್ ಇತ್ತು, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್‌ಗಳೂ ಇದ್ದವು. 52 ಮಂದಿ ಗಿಟಾರ್ ವಾದಕರನ್ನು ಕರೆಸಿ, ಮಬ್ಬು ಬೆಳಕಿನ ಕೋಣೆಯಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಸಿ ನುಡಿಸಲು ಹೇಳಿದರು. 2018ರಲ್ಲಿ ಪ್ರಕಟವಾದ ಫಲಿತಾಂಶವೇನು ಗೊತ್ತೇ? ಆರಕ್ಕೂ ಸಿಕ್ಕ ಅಂಕಗಳು ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಕಾಣದಿದ್ದಾಗ ದುಬಾರಿ ಮರ ಕಿವಿಗೆ ಸಿಗಲಿಲ್ಲ.

ಆ ಆರರಲ್ಲಿ ಬಂದ ಭಾರತದ ರೋಸ್‌ವುಡ್ ಯಾವುದು ಬಲ್ಲಿರಾ? ಅದೇ ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಸುರಿ ಕೆಲಸದ ಪೀಠ, ಪೆಟ್ಟಿಗೆಗಳಲ್ಲಿ ನೀವು ನೋಡಿರುವ ಕಪ್ಪುಗೆಂಪು ಮರ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು 1960ರ ದಶಕದ ಕೊನೆಯಲ್ಲಿ ತಡೆದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಂದಿನಿಂದ ಲೋಕದ ಎಷ್ಟೋ ಗಿಟಾರುಗಳ ಬೆನ್ನು ಪಶ್ಚಿಮಘಟ್ಟದ ಮರದ್ದು. ಬ್ರೆಜಿಲ್ ಮರವನ್ನು 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದಿಂದ ಹೊರಗಿಟ್ಟರು. 2017ರಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲವೂ ನಿಯಂತ್ರಣಕ್ಕೆ ಒಳಪಟ್ಟವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಮರಕ್ಕೆ ನಿಯಂತ್ರಣ ಉಳಿಯಿತು. ಬೀಟೆ ಇಂದು ಅಪಾಯದ ಅಂಚಿನಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಅದು ನಿಧಾನವಾಗಿ ಬೆಳೆಯುವ ಮರ. ತಾತ ನೆಟ್ಟರೆ ಮೊಮ್ಮಗನಿಗೆ ದಿಮ್ಮಿ.

ಬೀಟೆ ಕೆಟ್ಟ ಮರವೆಂದು ಯಾರೂ ಹೇಳುತ್ತಿಲ್ಲ. ಅದು ಚೆಲುವಾದ, ಬಾಳಿಕೆಯ ಮರ. ಅದಿಲ್ಲದೆ ನಾದವೇ ಇಲ್ಲವೆಂಬ ಮಾತು ಮಾತ್ರ ಪರೀಕ್ಷೆಗೆ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಹೇಗೂ ತೆಗೆಯಬೇಕಾಗಿದ್ದ ಬೀದಿಬದಿಯ ಆಶ್ ಮರಗಳಿಂದ ಟೇಲರ್ ಕಂಪನಿ 2020ರಿಂದ ಗಿಟಾರು ಮಾಡುತ್ತಿದೆ. ಗಿರಾಕಿಯ ಕಿವಿ ಒಪ್ಪಿದರೆ ಕಾರ್ಖಾನೆಗಳೂ ಇಂಥ ದಾರಿ ಹಿಡಿದಾವು.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದೇನು? ಮೊದಲು ಮೇಲ್ಹಲಗೆ. ದುಂಡು ಕಿಂಡಿಯ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೆಯೇ ಇಳಿದಿದ್ದರೆ ಅದು ಇಡೀ ಮರದ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈವುಡ್. ಹಣವನ್ನು ಎಲ್ಲಾದರೂ ಹೆಚ್ಚು ಹಾಕುವುದಾದರೆ ಇಲ್ಲಿ ಹಾಕಿ.

ಎರಡನೆಯದು ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿ ಸುಮಾರು 2.5 ಮಿಲಿಮೀಟರ್ ಎತ್ತರದಲ್ಲಿದ್ದರೆ ಸರಿ. ಅದಕ್ಕಿಂತ ಬಹಳ ಮೇಲಿದ್ದರೆ ಮಗುವಿನ ಬೆರಳು ನೊಂದು, ತಿಂಗಳೊಳಗೆ ಗಿಟಾರು ಅಟ್ಟ ಸೇರುತ್ತದೆ. ನುರಿತವರಿಂದ ಅದನ್ನು ಇಳಿಸಿಕೊಳ್ಳಬಹುದು. ಅದೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿದಾಗ ಬಿಡಿ ತಂತಿಯ ಮೇಲುಷಡ್ಜ ಸರಿಯಾಗಿ ನುಡಿಯುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಅಲ್ಲಿ ಅಪಶ್ರುತಿ ಬಂದರೆ ಎಂಥ ಹೆಸರಿದ್ದರೂ ಪ್ರಯೋಜನವಿಲ್ಲ.

ಮೂರನೆಯದು ಕೇಳುವ ಕ್ರಮ. ಹಳೆಯ ತುಕ್ಕು ತಂತಿಯ ಒಳ್ಳೆಯ ಗಿಟಾರು ಹೊಸ ತಂತಿಯ ಸಾಧಾರಣ ಗಿಟಾರಿನ ಮುಂದೆ ಮಂಕಾಗಿ ಕೇಳುತ್ತದೆ. ಆದ್ದರಿಂದ ಹೋಲಿಸುವ ವಾದ್ಯಗಳ ತಂತಿ ಒಂದೇ ಸ್ಥಿತಿಯಲ್ಲಿರಲಿ. ನುಡಿಸುವವರಿಗೆ ಕೇಳುವ ದನಿಯೂ ಎದುರಿಗೆ ಕುಳಿತವರಿಗೆ ಕೇಳುವ ದನಿಯೂ ಒಂದಲ್ಲ. ನಮ್ಮ ಸ್ಟುಡಿಯೋಗಳಲ್ಲಿ ಮೈಕನ್ನು ಕಿಂಡಿಯ ಎದುರಿನಿಂದ ಹನ್ನೆರಡನೆಯ ಮೆಟ್ಟಿಲಿನ ಕಡೆಗೆ ಒಂದು ಗೇಣು ಸರಿಸಿದರೆ ಸಾಕು, ಗುಮ್ಮೆನ್ನುವ ಗಿಟಾರು ಸ್ಪಷ್ಟವಾಗುತ್ತದೆ. ಹಾಗಾಗಿ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನೀವು ಬೆನ್ನು ತಿರುಗಿಸಿ ನಿಂತು, ಒಂದೇ ಹಾಡಿನ ಒಂದೇ ಸಾಲನ್ನು ಮೂರು ನಾಲ್ಕು ಗಿಟಾರುಗಳಲ್ಲಿ ನುಡಿಸಲು ಹೇಳಿ. ಯಾವುದು ಯಾವ ಕಂಪನಿಯದೆಂದೂ ಬೆಲೆ ಎಷ್ಟೆಂದೂ ಆಗ ಕೇಳಬೇಡಿ. ಇಷ್ಟವಾದದ್ದನ್ನು ಬೆರಳೆಣಿಸಿ ಹೇಳಿ: ಎರಡನೆಯದು, ನಾಲ್ಕನೆಯದು, ಹೀಗೆ. ಆಮೇಲೆ ತಿರುಗಿ ನೋಡಿ.

ಮನೆಗೆ ತಂದ ಮೇಲೆ ಮರದ ಆರೈಕೆ ಮರೆಯಬೇಡಿ. ಗಿಟಾರಿಗೆ ಒಗ್ಗುವ ತೇವಾಂಶ ಶೇಕಡಾ 45ರಿಂದ 55. ಕರಾವಳಿಯ ಮಳೆಗಾಲದಲ್ಲಿ ಹಲಗೆ ನೀರು ಹೀರಿ ಉಬ್ಬುತ್ತದೆ, ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಪೆಟ್ಟಿಗೆಯಲ್ಲಿಟ್ಟು ಮುಚ್ಚಿ; ಗೋಡೆಯ ಬಿಸಿಲಿಗೂ ಕಾರಿನ ಡಿಕ್ಕಿಗೂ ಒಡ್ಡಬೇಡಿ. ಅವಸರವಿಲ್ಲದಿದ್ದರೆ ಮೊದಲ ವರ್ಷ ಸಾಧಾರಣ ಬೆಲೆಯ, ಶ್ರುತಿ ನಿಲ್ಲುವ ಒಂದು ಗಿಟಾರಿನಲ್ಲಿಯೇ ಮಗು ಕಲಿಯಲಿ. ಕುದುರೆಯ ಹತ್ತಿರ, ಕಿಂಡಿಯ ಮೇಲೆ, ಮೆಟ್ಟಿಲಿನ ಮೇಲೆ ಎಂದು ಮೀಟುವ ಜಾಗ ಬದಲಿಸುತ್ತ ಒಂದೇ ತಂತಿಯಿಂದ ಎಷ್ಟು ಬಗೆಯ ದನಿ ಬರುತ್ತದೆಂದು ತಾನೇ ಕಂಡುಕೊಳ್ಳಲಿ. ವರ್ಷ ಕಳೆದ ಮೇಲೆ ಎರಡನೆಯ ಗಿಟಾರು ಬೇಕೆನಿಸಿದರೆ, ಅಂಗಡಿಯಲ್ಲಿ ಆರಿಸುವ ಕಿವಿ ಆ ಮಗುವಿಗೆ ಬಂದಿರುತ್ತದೆ.