ಎಂಜಿನ್ನಿಗೆ ಉಸಿರೂದುವ ಎರಡು ಬಗೆ



ಕುಲುಮೆಯಲ್ಲಿ ಇದ್ದಿಲು ಎಷ್ಟೇ ರಾಶಿಯಾಗಿದ್ದರೂ, ತಿದಿಯೊತ್ತಿ ಗಾಳಿಯೂದಿದಲ್ಲದೆ ಕಬ್ಬಿಣವು ಕಾಯದೆಂಬುದನ್ನು ನಮ್ಮ ಹಳ್ಳಿಯ ಕಮ್ಮಾರನು ಚೆನ್ನಾಗಿ ಬಲ್ಲನು. ಮೋಟಾರುಗಾಡಿಯ ಎಂಜಿನ್ನಿನ ಧರ್ಮವೂ ಇದೇ ಆಗಿದೆ. ಒಂದು ಭಾಗ ತೂಕದ ಪೆಟ್ರೋಲು ನಿಶ್ಶೇಷವಾಗಿ ದಹಿಸಬೇಕಾದರೆ ಸುಮಾರು 14.7 ಭಾಗ ತೂಕದ ವಾಯು ಬೇಕು. ಆದುದರಿಂದ ಸಿಲಿಂಡರನ್ನು ಹಿಗ್ಗಿಸದೆಯೇ ಬಲವನ್ನು ವರ್ಧಿಸಬಯಸುವವನು ಅದರೊಳಕ್ಕೆ ವಾಯುವನ್ನು ಒತ್ತಿ ತುಂಬುವ ಉಪಾಯವನ್ನು ಅರಸಬೇಕಾಗುತ್ತದೆ. ಸೂಪರ್‌ಚಾರ್ಜರ್, ಟರ್ಬೋಚಾರ್ಜರ್ ಎಂಬ ಎರಡು ಯಂತ್ರಗಳೂ ಮಾಡುವ ಕಾರ್ಯ ಇದೇ. ಆ ತಿದಿಯನ್ನು ಒತ್ತುವವರು ಯಾರೆಂಬುದರಲ್ಲಿ ಅವುಗಳ ಭೇದವಿದೆ.

ಸೂಪರ್‌ಚಾರ್ಜರಿನ ವಂಶಮೂಲವನ್ನು ಹುಡುಕಿಹೊರಟರೆ ನಾವು ಮರಳಿ ಕುಲುಮೆಗೇ ಬಂದು ಸೇರುತ್ತೇವೆ. ಅಮೆರಿಕದ ಇಂಡಿಯಾನಾ ಪ್ರಾಂತದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟು ಪಡೆದ, ಎರಡು ತಿರುಗಣೆಗಳು ಒಂದರೊಳಗೊಂದು ಹೊಂದಿಕೊಂಡು ಸುತ್ತುವ ಗಾಳಿಯಂತ್ರವು ಲೋಹ ಕರಗಿಸುವ ಕುಲುಮೆಗಳಿಗಾಗಿ ಹುಟ್ಟಿದುದು. ಅದೇ ಕುಲದ ಯಂತ್ರವು 1921ರಲ್ಲಿ ಜರ್ಮನಿಯ ಮರ್ಸಿಡಿಸ್ ಕಾರುಗಳನ್ನೇರಿತು. ಎಂಜಿನ್ನಿನ ಮುಖ್ಯ ದಂಡಕ್ಕೆ ಬೆಲ್ಟಿನಿಂದಲೋ ಹಲ್ಲುಗಾಲಿಗಳಿಂದಲೋ ಬಂಧಿತವಾಗಿರುವುದರಿಂದ, ಚಾಲಕನು ಕಾಲೊತ್ತಿದೊಡನೆ ಅದು ಓಗೊಡುತ್ತದೆ. ಆದರೆ ತನ್ನ ತಿದಿಯನ್ನು ತನ್ನ ತೋಳಿನಿಂದಲೇ ಎಳೆಯುವ ಕಮ್ಮಾರನಂತೆ, ಎಂಜಿನ್ನು ತಾನು ಗಳಿಸಿದ ಬಲದಲ್ಲೊಂದು ಪಾಲನ್ನು ಈ ಸೇವೆಗಾಗಿ ನಿರಂತರವೂ ತೆರಬೇಕು.

ಈ ತೆರಿಗೆಯನ್ನು ತಗ್ಗಿಸುವ ಮಾರ್ಗವನ್ನು ತೋರಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ. ಇಂಧನದ ಶಾಖದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಹೊಗೆಗೊಳವೆಯಿಂದ ವ್ಯರ್ಥವಾಗಿ ಹೊರಬೀಳುವುದಷ್ಟೆ; ಆ ಹೊಗೆಯ ವೇಗದಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿಸಬಹುದೆಂದು 1905ರಲ್ಲಿ ಪೇಟೆಂಟು ಪಡೆದ ಆತನು, ಹಡಗಿನ ಡೀಸೆಲ್ ಎಂಜಿನ್ನುಗಳಲ್ಲಿ ಅದನ್ನು ಸಾರ್ಥಕಗೊಳಿಸುವ ವೇಳೆಗೆ 20 ವರ್ಷಗಳು ಸಂದಿದ್ದವು. ಈ ನಡುವೆ 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಅಮೆರಿಕದ ತಜ್ಞನು ಒಂದು ವಿಮಾನದ ಎಂಜಿನ್ನನ್ನು 14,000 ಅಡಿಗೂ ಮಿಗಿಲಾದ ಪೈಕ್ಸ್ ಶಿಖರಕ್ಕೆ ಒಯ್ದು, ಅಲ್ಲಿನ ವಿರಳ ವಾಯುವಿನಲ್ಲಿ ಕುಂದಿದ್ದ ಅದರ ಬಲವನ್ನು ಟರ್ಬೋವಿನಿಂದ ಸಮುದ್ರಮಟ್ಟದ ಪ್ರಮಾಣಕ್ಕೇ ಮರಳಿಸಿ ತೋರಿದನು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮೊದಲಾದ ಕಾರುಗಳಿಗೂ ಅದು ಬಂದಿತು.

ಟರ್ಬೋ ಸಹ ಪೂರ್ತಿ ಪುಕ್ಕಟೆಯಲ್ಲ: ಹೊಗೆಯ ಹಾದಿಗೆ ಚಕ್ರವು ತುಸು ಅಡ್ಡಿಯಾಗುವುದು, ಮೇಲಾಗಿ, ಕಾಲೊತ್ತಿದ ಮೇಲೆ ಹೊಗೆ ಹೆಚ್ಚಿ, ಚಕ್ರವು ನಿಮಿಷಕ್ಕೆ ಲಕ್ಷ ಸುತ್ತುಗಳ ವೇಗವನ್ನು ಮುಟ್ಟುವವರೆಗೆ ಚಾಲಕನು ಕ್ಷಣಕಾಲ ಕಾಯಬೇಕಾಗುವುದು. ಒತ್ತಿದ ಗಾಳಿ ಕಾಯುವುದಾದ್ದರಿಂದ ಅದನ್ನು ತಣಿಸುವ ಇಂಟರ್‌ಕೂಲರ್ ಎರಡಕ್ಕೂ ಹಿತಕರ. ತತ್‌ಕ್ಷಣದ ನೆಗೆತವನ್ನೇ ಬಯಸುವವನಿಗೆ ಸೂಪರ್‌ಚಾರ್ಜರ್ ಒಪ್ಪುವುದು; ಇಂಧನದ ಮಿತವ್ಯಯವನ್ನು ಬಯಸುವವನಿಗೆ ಟರ್ಬೋ.

ನನ್ನ ಗೌರವವು ಎರಡನೆಯದಕ್ಕೇ ಸಲ್ಲುತ್ತದೆ. ಇನ್ನೊಮ್ಮೆ ನೀವು ಶಿರಾಡಿ ಘಾಟಿಯನ್ನೇರುವಾಗ, ಹೊರೆ ಹೊತ್ತ ಲಾರಿಯ ಗರ್ಜನೆಯ ನಡುವೆ ಸಣ್ಣ ಸಿಳ್ಳಿನಂಥ ಧ್ವನಿಯೊಂದು ಕೇಳಿಬಂದರೆ ಲಾಲಿಸಿರಿ; ಎಂಜಿನ್ನು ಹೊರಗೆ ಚೆಲ್ಲಿದ ಹೊಗೆಯೇ ಅಲ್ಲಿ ಅದರ ತಿದಿಯನ್ನು ಒತ್ತುತ್ತಿರುತ್ತದೆ.