ಹುಳುವಿನ ಮನೆಗಿರುವ ಶಿಸ್ತು ಮಕ್ಕಳ ಲ್ಯಾಬಿಗೂ ಬರಲಿ



ಕೊಳ್ಳೇಗಾಲ, ಯಳಂದೂರು, ಹನೂರು ಕಡೆಯ ರೇಷ್ಮೆ ಬೆಳೆಗಾರರಿಗೆ ಇವತ್ತು ಒಂದು ಪ್ರಶ್ನೆ. ನಿಮ್ಮ ಹುಳುವಿನ ಮನೆಯೊಳಕ್ಕೆ ಯಾರನ್ನಾದ್ರೂ ಚಪ್ಪಲಿ ಹಾಕ್ಕೊಂಡು ಬರೋಕೆ ಬಿಡ್ತೀರಾ? ಬಿಡಲ್ಲ. ಬಾಗಿಲಲ್ಲೇ ಕಳಚಬೇಕು, ಕೈಕಾಲು ತೊಳೆಯಬೇಕು. ಸಂಬಂಧವಿಲ್ಲದವರಿಗೆ ಒಳಗೆ ಪ್ರವೇಶವೇ ಇಲ್ಲ. ಒಂದು ಬೆಳೆ ಮುಗಿದರೆ ತಟ್ಟೆ, ಚಂದ್ರಿಕೆ ಎಲ್ಲವನ್ನೂ ತೊಳೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಫಾರ್ಮಲಿನ್ ಹೊಡೆದು, ಬಾಗಿಲು ಕಿಟಕಿ ಮುಚ್ಚಿ ಒಂದು ದಿನ ಬಿಡ್ತೀರಿ. ಆಮೇಲೆ ಚೆನ್ನಾಗಿ ಗಾಳಿಯಾಡಿದ ಮೇಲೇ ಒಳಗೆ ಕಾಲಿಡೋದು. ಯಾಕೆ? ಸಪ್ಪೆ ರೋಗ, ಹಾಲುತೊಂಡೆ, ಸುಣ್ಣಕಟ್ಟು ಬಂದರೆ ಮನೆಮಂದಿಯ ಒಂದು ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತೆ ಅಂತ ನಿಮಗೆ ಗೊತ್ತು.

ಈ ಸೀಮೆಗೆ ಇದು ಇವತ್ತಿನ ವಿದ್ಯೆ ಅಲ್ಲ. 1956ಕ್ಕೆ ಮೊದಲು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗಲೇ ಮದ್ರಾಸ್ ಪ್ರಾಂತ್ಯದ ರೇಷ್ಮೆ ಅಂದ್ರೆ ಕೊಳ್ಳೇಗಾಲದ ಹೆಸರು ಬರ್ತಿತ್ತು. ಹುಳುವಿನ ಗಂಟುರೋಗ ತಡೆಯೋಕೆ ತಾಯಿ ಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನ 1860ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ತೋರಿಸಿಕೊಟ್ಟವರು ಲೂಯಿ ಪಾಶ್ಚರ್. ಅಂದ್ರೆ ಜೀವಶಾಸ್ತ್ರದ ಪ್ರಯೋಗಾಲಯ ನಿಮ್ಮ ಹಟ್ಟಿಗೆ ಬಂದು ತಲೆಮಾರುಗಳೇ ಕಳೆದಿವೆ.

ಈಗ ಎರಡನೇ ಪ್ರಶ್ನೆ. ಅದೇ ಮನೆಯ ಮಗಳು ಪಿಯುಸಿ ಸೈನ್ಸ್ ಓದ್ತಿದ್ದಾಳೆ. ಅವಳ ಬಯಾಲಜಿ ಲ್ಯಾಬ್ ಹೇಗಿದೆ? ಒಂದು ಸಲವಾದ್ರೂ ಹೋಗಿ ನೋಡಿದ್ದೀರಾ?

ಬಯಾಲಜಿ ಲ್ಯಾಬ್‌ನಲ್ಲಿ ಏನಪ್ಪಾ ಅಪಾಯ, ಎಲೆ ಹೂವು ತಾನೇ ಅಂತೀರಿ. ಒಳಗೆ ಬನ್ನಿ, ನೋಡೋಣ. ಗಾಜಿನ ಜಾಡಿಗಳಲ್ಲಿ ಹಾವು, ಮೀನು, ಕಪ್ಪೆ. 2014ರಲ್ಲಿ ಯುಜಿಸಿ ಪದವಿ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನ ನಿಲ್ಲಿಸಿತು. ಹಳೆಯ ಜಾಡಿಗಳು ಮಾತ್ರ ಹಾಗೇ ಉಳಿದಿವೆ. ಜಾಡಿಯೊಳಗಿರೋದು ನೀವು ಹುಳುವಿನ ಮನೆಗೆ ಹೊಡೆಯುವ ಅದೇ ಫಾರ್ಮಲಿನ್. ಕಣ್ಣು ಉರಿಸುತ್ತೆ, ಉಸಿರು ಕಟ್ಟಿಸುತ್ತೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹುಳುವಿನ ಮನೆಯಲ್ಲಿ ಗಾಳಿಯಾಡುವವರೆಗೆ ಕಾಯುವ ನಾವು, ಮುಚ್ಚಳ ಸಡಿಲವಾದ ಜಾಡಿಗಳ ಪಕ್ಕ, ಕಿಟಕಿ ಹಾಕಿದ ಕೋಣೆಯಲ್ಲಿ ಮಕ್ಕಳನ್ನ ಎರಡು ಗಂಟೆ ನಿಲ್ಲಿಸಿದರೆ ಅದಕ್ಕೆ ಏನನ್ನಬೇಕು?

ಮುಂದಿನದು ಸ್ಪಿರಿಟ್ ದೀಪ. ಎಲೆಯಲ್ಲಿ ಪಿಷ್ಟ ಇದೆ ಅಂತ ತೋರಿಸುವ ಪ್ರಯೋಗ ಹೈಸ್ಕೂಲಿನಿಂದಲೇ ಇದೆ. ಎಲೆಯ ಹಸಿರು ಬಿಡಿಸೋಕೆ ಸ್ಪಿರಿಟ್‌ನಲ್ಲಿ ಕುದಿಸಬೇಕು. ಆ ಸ್ಪಿರಿಟ್ ಪಾತ್ರೆಯನ್ನ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ನೇರವಾಗಿ ಬೆಂಕಿಯ ಮೇಲೆ ಇಟ್ಟಿರೋ, ಆವಿಗೆ ಬೆಂಕಿ ಹತ್ತಿಕೊಳ್ಳುತ್ತೆ. ಹಗಲು ಬೆಳಕಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಸರಿಯಾಗಿ ಕಾಣೋದೂ ಇಲ್ಲ. ಆರಿದೆ ಅಂದ್ಕೊಂಡು ಉರಿಯುವ ದೀಪಕ್ಕೇ ಸ್ಪಿರಿಟ್ ಸುರಿದರೆ ಮುಗಿಯಿತು. ಮೇಲಿಂದ ಇಳಿಬಿಟ್ಟ ಜಡೆ, ಜಾರುವ ನೈಲಾನ್ ದುಪಟ್ಟಾ. ಜಡೆ ಮೇಲೆತ್ತಿ ಕಟ್ಟಿ, ದುಪಟ್ಟಾಗೆ ಪಿನ್ ಹಾಕಿ, ಮೇಲೊಂದು ಹತ್ತಿಯ ಏಪ್ರನ್ ತೊಟ್ಟರೆ ಅರ್ಧ ಅಪಾಯ ಕಡಿಮೆ. ಇದಕ್ಕೆ ಸರ್ಕಾರದ ಅನುದಾನ ಬೇಕೇನ್ರೀ?

ಇನ್ನು ಬ್ಲೇಡು, ಕವರ್ ಸ್ಲಿಪ್ಪು, ರಕ್ತದ ಗುಂಪು ನೋಡುವ ಸೂಜಿ. ಒಬ್ಬರಿಗೆ ಒಂದೇ ಸೂಜಿ, ಒಂದೇ ಸಲ. ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಚುಚ್ಚುವ ಹಾಗಿಲ್ಲ. ಕಾಮಾಲೆಯ ಹೆಪಟೈಟಿಸ್ ಬಿ, ಎಚ್‌ಐವಿ ಎರಡೂ ರಕ್ತದಿಂದ ಹರಡುತ್ತವೆ. ಪಿಪೆಟ್ಟನ್ನ ಬಾಯಲ್ಲಿ ಹೀರುವ ಅಭ್ಯಾಸ ಎಲ್ಲಾದ್ರೂ ಉಳಿದಿದ್ರೆ ಇವತ್ತೇ ನಿಲ್ಲಿಸಿ. ಲ್ಯಾಬ್ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚುವುದು ಬೇಡ.

ಇದೆಲ್ಲಾ ಅತಿಯಾಯ್ತು ಅನ್ನಿಸ್ತಿದೆಯಾ? ನಮ್ಮ ರಾಜ್ಯದ್ದೇ ಒಂದು ಕಥೆ ಕೇಳಿ. ಮಂಗನ ಕಾಯಿಲೆ ಗೊತ್ತಲ್ಲ? 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯ್ತು. ಕಾಡಿಗೆ ಹೋದವರಿಗೆ ಉಣ್ಣೆ ಕಚ್ಚಿ ಬರುವ ಕಾಯಿಲೆ. ಆದರೆ ಆ ವೈರಸ್ಸನ್ನ ಲ್ಯಾಬ್‌ನಲ್ಲಿಟ್ಟು ಪರೀಕ್ಷೆ ಮಾಡ್ತಿದ್ದವರಲ್ಲೂ ಹಲವರಿಗೆ ಕಾಯಿಲೆ ಬಂತು. ಅವರಿಗೆ ಉಣ್ಣೆ ಕಚ್ಚಿರಲಿಲ್ಲ, ಅವರು ಕೂತಿದ್ದ ಜಾಗ ಲ್ಯಾಬ್. 2012ರ ಕೊನೆಯಲ್ಲಿ ನಮ್ಮ ಇದೇ ಚಾಮರಾಜನಗರ ಜಿಲ್ಲೆಯ ಬಂಡೀಪುರ ಕಾಡಿನಲ್ಲಿ ಮಂಗಗಳು ಸತ್ತಾಗ, ಅವುಗಳ ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿ ಹಾಸಿಗೆ ಹಿಡಿದರು. ಕಣ್ಣಿಗೆ ಕಾಣದ ಜೀವಿ ನಿಮ್ಮ ಡಿಗ್ರಿ ನೋಡಲ್ಲ, ನಿಮ್ಮ ಕೈ ನೋಡುತ್ತೆ. ಪಿಯು ಲ್ಯಾಬ್‌ನಲ್ಲಿ ಆ ವೈರಸ್ ಇರಲ್ಲ, ಸರಿ. ಆದರೆ ಕೈ ತೊಳೆಯುವ ಅಭ್ಯಾಸ ಅಲ್ಲೇ ಬರಬೇಕು. ನಾಳೆ ಅದೇ ಮಕ್ಕಳು ನರ್ಸ್, ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಆಗೋರು.

ಹನೂರಿನವರಿಗೆ ವಿಷ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14, ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನ. ಪ್ರಸಾದಕ್ಕೆ ಮಾನೋಕ್ರೋಟೋಫಾಸ್ ಕೀಟನಾಶಕ ಬೆರೆಸಿದ್ದರು. 17 ಜನ ಸತ್ತರು. ಅದು ಘೋರ ಅಪರಾಧ. ಲ್ಯಾಬ್‌ನ ಅವಘಡಕ್ಕೂ ಅದಕ್ಕೂ ಹೋಲಿಕೆ ಮಾಡ್ತಿಲ್ಲ. ಆದರೆ ಅವತ್ತು ಈ ಸೀಮೆ ಕಂಡ ಒಂದು ಸತ್ಯ ಮರೆಯಬಾರದು. ಜೀವ ಉಳಿಸೋಕೆ ಎಷ್ಟೋ ಜನರನ್ನ ಮೈಸೂರಿನವರೆಗೆ ಹೊತ್ತೊಯ್ಯಬೇಕಾಯ್ತು. ಕೊಳ್ಳೇಗಾಲದಿಂದಲೇ ಮೈಸೂರು 60 ಕಿಲೋಮೀಟರ್‌ಗೂ ಹೆಚ್ಚು. ಹನೂರು, ರಾಮಾಪುರ, ಮಾದಪ್ಪನ ಬೆಟ್ಟದ ಕಡೆಯಿಂದ ಇನ್ನೂ ದೂರ.

ದೊಡ್ಡ ಆಸ್ಪತ್ರೆ ದೂರ ಇದ್ದಷ್ಟೂ ಲ್ಯಾಬ್‌ನ ನಲ್ಲಿಗೆ ಬೆಲೆ ಜಾಸ್ತಿ. ಕಣ್ಣಿಗೆ ಆಸಿಡ್ಡೋ ಫಾರ್ಮಲಿನ್ನೋ ಸಿಡಿದರೆ ಆ ಕ್ಷಣದಿಂದಲೇ 15 ನಿಮಿಷ ಹರಿಯುವ ನೀರಿನಲ್ಲಿ ಕಣ್ಣು ತೊಳೆಯಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು. ಟೂತ್‌ಪೇಸ್ಟ್ ಬೇಡ, ಇಂಕು ಬೇಡ. ಆಮೇಲೆ ಆಸ್ಪತ್ರೆ. ನಲ್ಲಿಯಲ್ಲಿ ನೀರೇ ಬರದ ಲ್ಯಾಬ್‌ಗೆ ಮಕ್ಕಳನ್ನ ಕಳಿಸೋದು ಯಾವ ಧೈರ್ಯದ ಮೇಲೆ? ಬಾಟಲಿಗೆ ಚೀಟಿ ಇಲ್ಲದಿದ್ದರೆ ಒಳಗಿರೋದು ನೀರೋ ಆಸಿಡ್ಡೋ ಯಾರು ಹೇಳಬೇಕು? ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರಲೇಬೇಕು ಅಂತ ಕಾನೂನಿದೆ. ಕೆಂಪು ಅಂದ್ರೆ ಅತಿ ವಿಷ. ಗದ್ದೆಯ ಡಬ್ಬಿಗಿರುವ ಆ ಗುರುತಿನಷ್ಟು ಮಾಹಿತಿಯಾದರೂ ಲ್ಯಾಬ್‌ನ ಬಾಟಲಿ ಮೇಲೆ ಬೇಡವಾ?

ನಾನು ಇಂಜಿನಿಯರಿಂಗ್ ಓದಿದವನು. ನಮ್ಮ ವರ್ಕ್‌ಶಾಪ್‌ನಲ್ಲಿ ಶೂ ಇಲ್ಲದವನಿಗೆ ಆ ದಿನದ ಹಾಜರಿಯೇ ಇಲ್ಲ. ಬೇಜಾರಾಗ್ತಿತ್ತು. ಆದರೆ ಕಲಿತಿದ್ದು ಉಳಿಯಿತು. ನಿಯಮ ಅಂದ್ರೆ ಬೈಗುಳ ಆಗಬಾರದು, ಅಭ್ಯಾಸ ಆಗಬೇಕು.

ಬೈಗುಳದ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದಲೋ, ಕೂಲಿಯವರ ಮನೆಯಿಂದಲೋ ಮೊದಲ ಬಾರಿಗೆ ಲ್ಯಾಬ್ ಮೆಟ್ಟಿಲು ಹತ್ತಿದ ಹುಡುಗನೊಬ್ಬನನ್ನ ನೆನಪಿಸಿಕೊಳ್ಳಿ. ಅವನ ಕೈಯಿಂದ ಟೆಸ್ಟ್‌ಟ್ಯೂಬ್ ಬಿದ್ದು ಒಡೆಯುತ್ತೆ. ದಂಡ ಕಟ್ಟಬೇಕು, ಎಲ್ಲರೆದುರು ಬೈಸಿಕೊಳ್ಳಬೇಕು ಅಂತ ಹೆದರಿ ಚೂರುಗಳನ್ನ ಬರಿಗೈಯಲ್ಲೇ ಬಾಚಿ ಜೇಬಿಗೆ ಹಾಕ್ಕೋತಾನೆ. ಕೈ ಕೊಯ್ದರೂ ಬಾಯಿ ಬಿಡಲ್ಲ. ಅಪಾಯ ಇರೋದು ಇಲ್ಲೇ. ಮುಚ್ಚಿಟ್ಟ ಗಾಯಕ್ಕೆ ಯಾವ ಪ್ರಥಮ ಚಿಕಿತ್ಸೆ ಪೆಟ್ಟಿಗೆಯೂ ಸಿಗಲ್ಲ. ಮೇಷ್ಟ್ರೇ, ಮೇಡಮ್ಮೋರೇ, ಗಾಜು ಒಡೆದವನನ್ನ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: 'ನಿನಗೇನೂ ಆಗಲಿಲ್ಲ ತಾನೇ?' ಗಾಜಿನ ಲೆಕ್ಕ ಆಮೇಲೆ.

ದ್ವಿತೀಯ ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ಆ 30 ಅಂಕಕ್ಕಾಗಿ ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಚೆಂದದ ಚಿತ್ರ ಬರೀತಾರೆ. ಅದರ ಮೊದಲ ಪುಟದಲ್ಲಿ ಸುರಕ್ಷತೆಯ ಹತ್ತು ನಿಯಮ ಬರೆಸಿ, ಓದಿಸಿ, ಪಾಲಕರ ಸಹಿ ಹಾಕಿಸಿ. ಪ್ರಾಂಶುಪಾಲರೇ, ನಲ್ಲಿ ರಿಪೇರಿ ಮಾಡಿಸಿ, ಬಾಗಿಲ ಬಳಿ ಒಂದು ಬಕೆಟ್ ಮರಳು ಇಡಿಸಿ, ಹಳೇ ಜಾಡಿಗಳ ಮುಚ್ಚಳ ನೋಡಿಸಿ. ಶಾಸಕರೇ, ಲ್ಯಾಬ್ ಕಟ್ಟಡದ ಉದ್ಘಾಟನೆಗೆ ರಿಬ್ಬನ್ ಕತ್ತರಿಸೋಕೆ ಬಂದಾಗ ಒಂದು ಸಲ ಆ ನಲ್ಲಿ ತಿರುಗಿಸಿ ನೋಡಿ.

ಮತ್ತೆ ರೇಷ್ಮೆ ಬೆಳೆಯುವ ಅಪ್ಪ ಅಮ್ಮಂದಿರೇ, ಈ ವಿಷಯದಲ್ಲಿ ನಿಮಗಿಂತ ದೊಡ್ಡ ತಜ್ಞರು ಬೇಕಿಲ್ಲ. ಮುಂದಿನ ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿ ಕೇಳುವ ಮೊದಲು ಲ್ಯಾಬ್ ತೋರಿಸಿ ಅಂತ ಕೇಳಿ. ನಿಮ್ಮ ಹುಳುವಿನ ಮನೆ ಕಣ್ಣಿನಿಂದ ಅದನ್ನ ನೋಡಿ. ಅಲ್ಲಿ ಹುಳು ಬಿಡೋಕೆ ನಿಮಗೆ ಮನಸ್ಸು ಬರದಿದ್ರೆ, ಮಗಳನ್ನ ಬಿಡೋದು ಹೇಗೆ? ಯೋಚನೆ ಮಾಡಿ.