ಲಾಂಗ್ ಹೇಗೆ ಲೆಂಗ್ತ್ ಆಯಿತು?

ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೋ ಗುಣವಾಚಕಕ್ಕೋ ಒಂದು ಪ್ರತ್ಯಯ ಅಂಟಿಸಿದರೆ ಎಷ್ಟೋ ಸಲ ನಾಮಪದ ಸಿದ್ಧ. ‘ಟೀಚ್’ಗೆ ‘ಅರ್’ ಸೇರಿದರೆ ಟೀಚರ್, ‘ಕೈಂಡ್’ಗೆ ‘ನೆಸ್’ ಸೇರಿದರೆ ಕೈಂಡ್‌ನೆಸ್. ‘ಮೂವ್‌ಮೆಂಟ್’ನಲ್ಲಿರುವ ‘ಮೆಂಟ್’ ಮಾತ್ರ ಫ್ರೆಂಚ್ ಕಡೆಯದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಥವು ರಾಶಿ ರಾಶಿ ಬಂದವು.

ಸರಿ, ಹಾಗಾದರೆ ‘ಲಾಂಗ್’ಗೆ ‘ತ್’ ಸೇರಿದಾಗ ಲಾಂಗ್ತ್ ಆಗಬೇಕಿತ್ತಲ್ಲವೇ? ಲೆಂಗ್ತ್ ಯಾಕಾಯಿತು? ‘ಸ್ಟ್ರಾಂಗ್’ ಕೂಡ ಹಾಗೆಯೇ ಸ್ಟ್ರೆಂಗ್ತ್ ಆಗಿ ಕೂತಿದೆ. ಬಾಯಿಪಾಠ ಮಾಡಿಕೋ ಎಂದುಬಿಡುವುದು ಸುಲಭ. ಆದರೆ ಇದಕ್ಕೆ ಕಾರಣವಿದೆ, ಅದನ್ನು ಕನ್ನಡಿಯಲ್ಲಿ ನೋಡಲೂಬಹುದು.

ಕನ್ನಡಿ ಮುಂದೆ ನಿಂತು ಬಾಯಿ ತೆರೆದು ‘ಅ’ ಅನ್ನಿ. ನಾಲಿಗೆ ಕೆಳಗೆ ಆರಾಮವಾಗಿ ಮಲಗಿರುತ್ತದೆ. ಈಗ ‘ಇ’ ಅನ್ನಿ. ನಾಲಿಗೆ ಮುಂದೆ ಸರಿದು ಅಂಗುಳಿನ ಹತ್ತಿರ ಏರುತ್ತದೆ. ಇವೆರಡರ ನಡುವೆ ಎಲ್ಲೋ ‘ಎ’ ಇದೆ.

ಸುಮಾರು 1,500 ವರ್ಷಗಳ ಹಿಂದೆ ‘ಲಾಂಗ್’ ಇದ್ದದ್ದು ಲಂಗ್ ಎಂದು. ಅದಕ್ಕೆ ಸೇರುತ್ತಿದ್ದ ಪ್ರತ್ಯಯವೂ ಬರಿಯ ‘ತ್’ ಅಲ್ಲ, ‘ಇಥು’. ಎರಡೂ ಸೇರಿ ಹೆಚ್ಚುಕಡಿಮೆ ‘ಲಂಗಿಥು’. ಇದನ್ನು ಬೇಗ ಬೇಗ ಹೇಳುವಾಗ, ಬಸ್ಸು ನಿಲ್ಲುವ ಮೊದಲೇ ಸೀಟು ಬಿಟ್ಟೆದ್ದು ಬಾಗಿಲ ಬಳಿ ಬರುವವರ ಹಾಗೆ, ನಾಲಿಗೆ ‘ಅ’ ಹೇಳುತ್ತಿರುವಾಗಲೇ ಮುಂದಿನ ‘ಇ’ಗೆ ಹೊರಟುಬಿಡುತ್ತಿತ್ತು. ಹೀಗೆ ‘ಅ’ ಸರಿದು ಸರಿದು ‘ಎ’ ಆಯಿತು. ಆಮೇಲೆ ಆ ‘ಇ’ಯೇ ಉದುರಿಹೋಯಿತು. ಅದು ಮಾಡಿಟ್ಟ ಬದಲಾವಣೆ ಮಾತ್ರ ಲೆಂಗ್ತ್‌ನಲ್ಲಿ ಉಳಿದುಕೊಂಡಿತು.

‘ಫುಟ್’ ಬಹುವಚನದಲ್ಲಿ ‘ಫೀಟ್’ ಆಗುವುದಕ್ಕೂ ‘ಗೂಸ್’ ‘ಗೀಸ್’ ಆಗುವುದಕ್ಕೂ ಇದೇ ‘ಇ’ ಕಾರಣ. ಕಬಡ್ಡಿಯಲ್ಲಿ ‘ಫೌಲ್’ ಎಂದು ಕೂಗುತ್ತೀರಲ್ಲ, ಆ ಪದದ ಹಳೆಯ ಅರ್ಥ ಕೊಳಕು, ಕೊಳೆತದ್ದು ಎಂದು. ಕೊಳೆಗೆ ಇಂಗ್ಲಿಷಿನಲ್ಲಿರುವ ‘ಫಿಲ್ತ್’ ಎಂಬ ಪದ ಹುಟ್ಟಿದ್ದು ಅದರಿಂದಲೇ, ಇದೇ ದಾರಿಯಲ್ಲಿ.

ಈ ‘ತ್’ ಈಗ ಹೊಸ ಪದ ಹುಟ್ಟಿಸುವುದು ನಿಂತೇಹೋಗಿದೆ ಎನ್ನಬಹುದು. ‘ಕೂಲ್ತ್’ ಎಂದು ಯಾರಾದರೂ ಹೇಳಿದರೆ ತಮಾಷೆಗೆ ಅಷ್ಟೆ. ‘ಅರ್’ ಹಾಗಲ್ಲ, ಇನ್ನೂ ಚುರುಕಾಗಿದೆ. ಅದು ತಿಳಿಯುವುದು ಹೇಗೆ? ಯಾರೂ ಕೇಳಿರದ ಪದವೊಂದನ್ನು ಕೊಟ್ಟು ನೋಡಬೇಕು. ಜೀನ್ ಬರ್ಕೊ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾಡಿದ್ದು ಅದನ್ನೇ. ‘ಝಿಬ್’ ಎಂಬ ಕೆಲಸ ಮಾಡುವವನನ್ನು ಏನೆಂದು ಕರೆಯುತ್ತೀರಿ ಎಂದು ಅವರು ಕೇಳಿದರು. ದೊಡ್ಡವರು ತಡವಿಲ್ಲದೆ ‘ಝಿಬ್ಬರ್’ ಅಂದರು. ನಾಲ್ಕರಿಂದ ಏಳು ವರ್ಷದ ಮಕ್ಕಳಲ್ಲಿ ಹಾಗೆ ಅಂದವರು ಕೆಲವರೇ. ಉಳಿದವರಲ್ಲಿ ಕೆಲವರು ‘ಝಿಬ್ಬಿಂಗ್‌ಮ್ಯಾನ್’ ಎಂದು ಎರಡು ಪದ ಜೋಡಿಸಿಬಿಟ್ಟರು! ನನಗೇನೋ ಆ ಉತ್ತರವೇ ಹೆಚ್ಚು ಇಷ್ಟ. ಪ್ರತ್ಯಯ ಹೊಳೆಯದಿದ್ದರೂ ಕೆಲಸ ನಿಲ್ಲಲಿಲ್ಲ.

ಕನ್ನಡದಲ್ಲೂ ಆಡು–ಆಟ, ಓಡು–ಓಟ, ನೋಡು–ನೋಟ, ಕೂಡು–ಕೂಟ ಎಂಬ ಸಾಲಿದೆ. ಆದರೆ ‘ಹಾಡು’ ‘ಹಾಟ’ ಆಗಲಿಲ್ಲ, ಹಾಡಾಗಿಯೇ ಉಳಿಯಿತು. ಈಗ ನಿಮ್ಮ ಮನೆಯಲ್ಲೊಂದು ಪ್ರಯೋಗ: ‘ಟಿಂಡು’ ಎಂಬ ಸುಳ್ಳು ಕ್ರಿಯಾಪದ ಹೇಳಿ, ಅದನ್ನು ಮಾಡುವವನು ಯಾರು ಎಂದು ಕೇಳಿ. ಅಜ್ಜಿ ‘ಟಿಂಡುವವನು’ ಅನ್ನಬಹುದು, ಅಕ್ಕ ‘ಟಿಂಡುಗ’ ಅನ್ನಬಹುದು. ಪುಟ್ಟ ತಮ್ಮನ ಉತ್ತರವನ್ನು ಮಾತ್ರ ತಿದ್ದದೆ ಹಾಗೇ ಬರೆದುಕೊಳ್ಳಿ.